ಈಜುಕೊಳದ ಮೇಷ್ಟ್ರು

ಬೇಲೂರು ರಸ್ತೆಯ ಹೋಟೆಲೊಂದರ ಈಜುಕೊಳದ ದಂಡೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಮೊಮ್ಮಗಳು ಚಂದನಾ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡಲು ಕಲಿಯುತ್ತಿದ್ದಾಳೆ. ಇಲ್ಲಿ ಪಾಸಾದರೆ ಮಾತ್ರ ಸಮುದ್ರಕ್ಕೆ ಇಳಿಸುತ್ತಾರೆ. ಕಣಕಟ್ಟೆಯ ನಮ್ಮ ಬಾವಿಯಲ್ಲಿ ಸೊಂಟಕ್ಕೆ ಒಣಗಿದ ತೆಂಗಿನಕಾಯಿ ಕಟ್ಟಿ ಅವಳಿಗೆ ಈಜು ಕಲಿಸಿದವನು ನಾನೇ ಎಂದು ಅವಳಿಗೆ ಕಲಿಸುತ್ತಿರುವ ಮೇಷ್ಟ್ರಿಗೆ ಹೆಮ್ಮೆಯಿಂದ ಹೇಳಿದ್ದೆ.

ಪರೀಕ್ಷೆಗೆಂದು ನೀರೊಳಗೆ ಕಣ್ಣು-ಮೂಗು ಮುಚ್ಚುವ ಮಾಸ್ಕ್ ಬಿಚ್ಚಿ ಮತ್ತೆ ಹಾಕಿಕೊಳ್ಳುವಾಗ ಹುಡುಗಿ ಗಾಬರಿಬಿದ್ದು ಮೇಲೆ ಬಂದಳು.

"ಇವತ್ತು ಸರ್ಟಿಫಿಕೇಟ್ ಇಲ್ಲಮ್ಮ, ನಾಳೆನೂ ಬಾ," ಅಂದರು ಮೇಷ್ಟ್ರು.

"ನನ್ ಫ್ರೆಂಡಿಗೆ ಬೇರೆ ಕಡೆ ಒಂದೇ ದಿನಕ್ಕೆ ಕೊಟ್ರು ತಾತ," ಅಂತ ಅವಳು ಅಳುಮುಖ ಮಾಡಿದಳು.

ನನಗೆ ರೇಗಿತು. "ಇನ್ನೊಂದಿನ ಅಂದ್ರೆ ಇನ್ನೊಂದು ಫೀಸು. ನಿಮ್ ಯಾಪಾರ ನಂಗೊತ್ತಾಗಕಿಲ್ವ ಮೇಷ್ಟ್ರೇ?"

"ಫೀಸ್ ಬೇಡ ತಾತ, ಕಲಿಯೋವರೆಗೂ ಬರ್ಲಿ. ನೀವು ಬಾವೀಲಿ ಕಾಯಿ ಯಾವಾಗ ಬಿಚ್ಚಿದ್ರಿ?"

"ಅವಳಿಗೆ ಭಯ ಹೋದ್ಮೇಲೆ."

"ನಾನೂ ಅಷ್ಟೇ."

ಹೊತ್ತಾಗಿದ್ದರೂ ಆ ಪುಣ್ಯಾತ್ಮ ಮತ್ತೆ ನೀರಿಗಿಳಿದು ಅವಳೆದುರು ಕೂತರು. ಈ ಸಲ ಅವಳು ಮಾಸ್ಕ್ ಸರಿಯಾಗಿ ಹಾಕಿಕೊಂಡು ನಗುತ್ತಾ ಮೇಲೆ ಬಂದಳು.

"ಇನ್ನೊಂದ್ಸಲ," ಅಂದರು ಮೇಷ್ಟ್ರು.

ಚಂದನಾ ನನ್ನ ಕಡೆ ನೋಡಿದಳು.

"ಹೋಗವ್ವ," ಅಂದೆ ನಾನು. "ಇನ್ನೊಂದ್ಸಲ."