ಹದಿನೈದು ಕೇಜಿಯ ಲೇಡೀಸ್ ರಾಡು

ಸ್ನೇಹಿತರೇ, ತೂಕ ಜಾಸ್ತಿ ಕೊಟ್ಟರೆಂದು ಯಾರಾದರೂ ಅಂಗಡಿಯವರ ಜೊತೆ ಜಗಳವಾಡಿದ್ದೀರಾ? ನಾನು ಇವತ್ತು ಆಡಿದೆ.

ಮನೆಯಲ್ಲೇ ವ್ಯಾಯಾಮ ಮಾಡೋಣವೆಂದು ಹೋದ ತಿಂಗಳು ಅರಸೀಕೆರೆಯಲ್ಲಿ ಹೆಂಗಸರ ಬಾರ್ಬೆಲ್, ಅಂದರೆ ತೂಕ ಎತ್ತುವ ಕಬ್ಬಿಣದ ರಾಡು, ಕೊಂಡಿದ್ದೆ. ಗಂಡಸರದು ಇಪ್ಪತ್ತು ಕೇಜಿ, ಹೆಂಗಸರದು ಹದಿನೈದು ಎಂದು ಹೇಳಿ ಅಂಗಡಿಯವರು ಗುಲಾಬಿ ಟೇಪು ಸುತ್ತಿದ್ದನ್ನು ಕೊಟ್ಟಿದ್ದರು. ದಿನಾ ಎತ್ತುತ್ತಿದ್ದೆ. ನಮ್ಮ ಮಾವನವರದು ಕೊಬ್ಬರಿ ವ್ಯಾಪಾರ. ತಕ್ಕಡಿಗೆ ಹಾಕದೆ ಯಾವ ತೂಕವನ್ನೂ ನಂಬುವವರಲ್ಲ. ಇವತ್ತು ಬೆಳಿಗ್ಗೆ ಆ ರಾಡನ್ನೂ ತೂಗಿಬಿಟ್ಟರು. ಸರಿಯಾಗಿ ಇಪ್ಪತ್ತು!

"ತೂಕ ಕಮ್ಮಿ ಕೊಟ್ಟು ಮೋಸ ಮಾಡೋರ್ನ ಬೇಕಾದಷ್ಟು ನೋಡಿದೀನಿ ಕಣಮ್ಮಾ, ಜಾಸ್ತಿ ಕೊಟ್ಟು ಮೋಸ ಮಾಡಿದೋನ್ನ ಇವತ್ತೇ ನೋಡಿದ್ದು" ಎಂದರು.

ಅಂಗಡಿಗೆ ಫೋನ್ ಮಾಡಿ ರೇಗಿದೆ. "ಲೇಡೀಸ್ ರಾಡ್ ಅಂತ ಹೇಳಿ ಗಂಡಸರದ್ದು ಕೊಟ್ಟಿದ್ದೀರಲ್ರೀ!"

"ಎತ್ತಕ್ಕಾಗ್ತಿಲ್ವಾ ಮೇಡಂ?"

"ಎತ್ತಕ್ಕೇನೋ ಆಗುತ್ತೆ..."

"ಮತ್ತಿನ್ನೇನು ತೊಂದರೆ ಮೇಡಂ?"

ಫೋನ್ ಇಟ್ಟೆ. ವಾಪಸ್ ಕೊಟ್ಟು ಹದಿನೈದರದ್ದು ತರಲೋ, ಇದನ್ನೇ ಇಟ್ಟುಕೊಳ್ಳಲೋ? ನೀವೇ ಹೇಳಿ. ನಿನ್ನೆಯವರೆಗೆ ಸಲೀಸಾಗಿ ಮೇಲೇಳುತ್ತಿದ್ದ ರಾಡು, ಇಪ್ಪತ್ತು ಕೇಜಿ ಅಂತ ಗೊತ್ತಾದ ಮೇಲೆ ನೆಲವನ್ನೇ ಬಿಡುತ್ತಿಲ್ಲ.