ನಡುಗುವ ಕೈಗೆ ಹೊಸ ಬೋರ್ಡು

ನನ್ನ ಗೆಳೆಯ ತೀರಿಕೊಂಡು ಎರಡು ತಿಂಗಳಾಯಿತು. ಮೂವತ್ತೊಂದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು. ಓಡುವ ಸದ್ದು ಕೇಳಿಯೇ ಯಂತ್ರದ ಹೊಟ್ಟೆಯಲ್ಲಿ ಏನು ಸವೆದಿದೆ ಎಂದು ಹೇಳುತ್ತಿದ್ದ. ಬೀದಿಯವರಿಗೆಲ್ಲ ಅವನು ‘ಸೂಜಿ’. ಅವನಿಗಿದ್ದ ಹುಚ್ಚು ಒಂದೇ: ರಿಮೋಟಿನಿಂದ ಹಾರಿಸುವ ಮೊಳದುದ್ದದ ಹೆಲಿಕಾಪ್ಟರ್. ಭಾನುವಾರ ಬೆಳಿಗ್ಗೆ ಗೋದಾಮಿನ ಹಿಂದಿನ ಬಯಲಿನಲ್ಲಿ ಅದನ್ನು ಕಣ್ಣೆತ್ತರಕ್ಕೆ ಏರಿಸಿ, ಗಾಳಿಗೆ ಮೊಳೆ ಹೊಡೆದಂತೆ ನಿಲ್ಲಿಸುತ್ತಿದ್ದ.

ಮೂರು ವರ್ಷದ ಹಿಂದೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಅಂಗಡಿ ಹೋಯಿತು. ದಾರ ಪೋಣಿಸಲಾಗದವನ ಬಳಿ ಯಾರು ಯಂತ್ರ ತರುತ್ತಾರೆ? ಉಳಿದದ್ದು ಹೆಲಿಕಾಪ್ಟರ್ ಒಂದೇ. ಅದು ತೂರಾಡಿದರೆ, “ಹಳೇ ಮಿಷನ್ನು, ನೆಟ್ಟಗೆ ನಿಲ್ಲಲ್ಲ,” ಎನ್ನುತ್ತಿದ್ದ.

“ಹೌದ್ರೀ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ಅವನ ಹೆಂಡತಿ ಛೇಡಿಸುತ್ತಿದ್ದರು.

“ನೋಡ್ದೇನೋ, ನನಗೆ ಸೂಜಿ ಅಂತ ಹೆಸರು, ಚುಚ್ಚೋಳು ಇವಳು!”

ಹೆಲಿಕಾಪ್ಟರಿಗೆ ಹೊಸ ಕಂಟ್ರೋಲ್ ಬೋರ್ಡು ತಂದವನು ನಾನು. ಬೆಂಕಿಪೊಟ್ಟಣದ ಅರ್ಧದಷ್ಟಿತ್ತು. ಅದುವರೆಗೆ ರೆಕ್ಕೆಗೆ ಅಡ್ಡಲಾಗಿ ಒಂದು ತೂಕದ ಕಡ್ಡಿ ಸಮತೋಲ ಕಾಯುತ್ತಿತ್ತು. ಬೋರ್ಡಾದರೋ ವಾಲುವುದನ್ನು ತಾನೇ ಗ್ರಹಿಸಿ ಕ್ಷಣದಲ್ಲಿ ಸರಿಪಡಿಸುತ್ತದೆ. ಎಲ್ಲ ತಿಳಿದವನಂತೆ ಹೇಳಿಬಿಟ್ಟೆ: “ಇದನ್ನ ಹಾಕಿದ್ರೆ ನಿನ್ನ ಕೈ ನಡುಗಿದ್ರೂ ಇದು ನಡುಗಲ್ಲ ಕಣೋ.”

ಅವನು ನಂಬಿದ.

ನಾಲ್ಕು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಡ್ಡಿ ಬಿಚ್ಚಿ, ಬೋರ್ಡು ಕೂರಿಸಿದೆವು. ಸ್ಕ್ರೂ ತಿರುಗಿಸುವುದು ನನ್ನ ಕೆಲಸ, ಬೈಯುವುದು ಅವನದು. “ಮೆಲ್ಲಗೆ ಬಿಗಿಯೋ, ಅದೇನು ಲಾರಿ ಚಕ್ರಾನಾ?”

ಬ್ಯಾಟರಿ ಸಿಕ್ಕಿಸಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಹೆಲಿಕಾಪ್ಟರ್ ಅಲುಗಬಾರದು. ಅಲುಗದೆ ಇರುವುದೆಂದರೇನು ಎಂದು ಬೋರ್ಡು ಕಲಿಯುವುದು ಆಗಲೇ. ಬಯಲಿನಲ್ಲಿ ಅವನು ಅದನ್ನು ಕೈಯಲ್ಲಿ ಹಿಡಿದೇ ಬ್ಯಾಟರಿ ಹಾಕಿದ. ಐದು ಸಲ ಹಾಕಿದರೂ ಕೆಂಪು ದೀಪ ಮಿನುಗುತ್ತಲೇ ಇತ್ತು. ಕೊನೆಗೆ, “ನೀನೇ ಹಾಕು ಮಾರಾಯ,” ಎಂದ. ನೆಲದ ಮೇಲಿಟ್ಟು ಹಾಕಿದೆ. ಹಸಿರು ಬಂತು.

ಹೆಲಿಕಾಪ್ಟರ್ ಏರಿತು. ಒಂದು ಗಳಿಗೆ, ಬೀಸುತ್ತಿದ್ದ ಗಾಳಿಗೂ ಜಗ್ಗದೆ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ರಿಮೋಟಿನ ಕೋಲಿನ ಮೇಲೆ ಅವನ ಹೆಬ್ಬೆರಳು ನಡುಗಿತು. ಹೆಲಿಕಾಪ್ಟರೂ ಅದೇ ತಾಳಕ್ಕೆ, ಮೊದಲಿಗಿಂತ ಚುರುಕಾಗಿ, ಎಡಬಲಕ್ಕೆ ಬಡಿದಾಡಿತು. ಗಾಳಿಯ ಅಲುಗಾಟವನ್ನು ಬೋರ್ಡು ತಡೆಯುತ್ತಿತ್ತು. ಬೆರಳಿನದನ್ನು ಒಡೆಯನ ಅಪ್ಪಣೆಯೆಂದು ಪಾಲಿಸುತ್ತಿತ್ತು.

ಕೋಲಿನ ಚುರುಕು ತಗ್ಗಿಸಿ ನೋಡಿದೆವು. ನಡುಕ ಹೋಯಿತು, ಮಾತು ಕೇಳುವುದೂ ಹೋಯಿತು. ಗೋದಾಮಿನ ಗೋಡೆಯತ್ತ ತೇಲುತ್ತಿದ್ದುದನ್ನು ಹೇಗೋ ಇಳಿಸಿದ.

“ಇನ್ನೊಂದ್ಸಲ ಸೆಟ್ಟಿಂಗ್ ನೋಡೋಣ,” ಎಂದೆ.

“ಬೇಡ. ಬೋರ್ಡು ಸರಿಯಾಗೇ ಇದೆ ಕಣೋ. ಅದೇ ಕಷ್ಟ.”

ಅಲ್ಲಿಯವರೆಗೆ ತಪ್ಪು ಹೊರಿಸಲು ಅವನಿಗೆ ಯಂತ್ರವಾದರೂ ಇತ್ತು. ಅದನ್ನೂ ನಾನು ಕಿತ್ತುಕೊಂಡೆ. ಮುಂದಿನ ಭಾನುವಾರ ಕರೆಯಲು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದ.

“ಏಳೋ.”

“ಇವತ್ತು ಗಾಳಿ ಜಾಸ್ತಿ.”

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಅದಾದ ಏಳು ತಿಂಗಳಿಗೆ ನ್ಯುಮೋನಿಯಾ ಬಂದು ತೀರಿಕೊಂಡ. “ನೀವು ಒಳ್ಳೇದಕ್ಕೇ ಮಾಡಿದ್ರಿ ಅಣ್ಣಾ,” ಎನ್ನುತ್ತಾರೆ ಅವನ ಹೆಂಡತಿ.