ಮೂಡಗಾಳಿಗೆ ಮುಖ ಮಾಡಿದ ಮೋಟಾರು

ಸತ್ತಿ ಊರಿನ ರೈತ ಮಲಕಾರಿಯ ಕೊಟ್ಟಿಗೆಯಲ್ಲಿ ಅವನ ಅಪ್ಪನ ಕಾಲದ ನೀರೆತ್ತುವ ಸಣ್ಣ ಮೋಟಾರೊಂದು ಗೋಣಿತಟ್ಟು ಹೊದ್ದು ಬಿದ್ದಿತ್ತು. ಕೃಷ್ಣೆ ಉಕ್ಕಿ ಬಂದ ವರ್ಷ ಊರವರು ದಂಡೆಯ ಮೋಟಾರುಗಳನ್ನೆಲ್ಲ ಎತ್ತಿ ತಂದರು. ಇದೊಂದು ನೀರೊಳಗೇ ಉಳಿಯಿತು. ಕೆಸರು ತೊಳೆದು ಮನೆಗೆ ತಂದ ಮೇಲೆ ಅದು ಮತ್ತೆ ತಿರುಗಲಿಲ್ಲ. ಆ ದೀಪಾವಳಿಗೆ ಅಪ್ಪನೂ ಇರಲಿಲ್ಲ.

ಈ ಬೇಸಿಗೆಯಲ್ಲಿ ಹೆಂಡತಿ ತಾರವ್ವ ಕಸ ಬಳಿಯುತ್ತ ಗೊಣಗಿದಳು: “ಎಮ್ಮಿ ಕಟ್ಟಾಕ ಜಾಗಾ ಇಲ್ಲ. ಈ ಕಬ್ಬಣಾ ಗುಜರಿಯವಗ ಕೊಟ್ಟಬಿಡ್ರಿ.”

“ಆಷಾಢ ಮುಗಿಯೂತನಾ ತಡಿ. ಗಾಳಿಗೆ ತಿರುಗಿಸಿ ಇದರಾಗ ಲೈಟ್ ಹಚ್ಚತೀನಿ.”

“ಹತ್ತಲಿಲ್ಲಂದ್ರ?”

“ನಾನ ಹೊತ್ತಕೊಂಡ ಹೋಗಿ ಕೊಟ್ಟ ಬರ್ತೀನಿ.”

ಮೋಟಾರಿಗೆ ತಂತಿ ಸುತ್ತುವ ಇಮಾಮಸಾಬ ಒಳಗೆ ತಿರುಗುವ ರೋಟರನ್ನು ಉಗಾರ ಪೇಟೆಯ ಲೇಥ್ ಯಂತ್ರದಲ್ಲಿ ತುಸು ಕಡೆಸಿ, ಅದಕ್ಕೆ ಆಯಸ್ಕಾಂತದ ಬಿಲ್ಲೆಗಳನ್ನು ಅಂಟಿಸಿ, ಹೊಸ ತಾಮ್ರದ ತಂತಿ ಸುತ್ತಿಕೊಟ್ಟ. “ಇಷ್ಟ ವರ್ಷ ಕರೆಂಟ್ ತಿಂದೈತಿ ಕಾಕಾ. ಇನ್ನ ಹಡೀಲಿ,” ಎಂದು ನಕ್ಕ. ಮಲಕಾರಿ ಹಳೆಯ ಪೈಪು ಸೀಳಿ ಮೂರು ರೆಕ್ಕೆ ಮಾಡಿದ.

ಮೋಟಾರನ್ನು ಎತ್ತರದಲ್ಲಿ ಕೂಡಿಸುವ ಕಂಬಕ್ಕೆ ಅವನು ಆರಿಸಿಕೊಂಡದ್ದು ಹಳೆಯ ಕಣವನ್ನು. ಸುತ್ತೆಲ್ಲ ಕಬ್ಬು ಬಂದರೂ ಆ ತುಂಡು ನೆಲಕ್ಕೆ ಅವನು ನೇಗಿಲು ಹೂಡಿರಲಿಲ್ಲ. ರಾಶಿಯ ದಿನಗಳಲ್ಲಿ ಎತ್ತುಗಳು ಸುತ್ತುತ್ತಿದ್ದ ಮೇಟಿಕಂಬದ ಕುಣಿಯಲ್ಲೇ ಹೊಸ ಕಂಬ ನಿಂತಿತು. ಅಲ್ಲಿ ಅಪ್ಪ ನಸುಕಿನಲ್ಲಿ ಒಂದು ಹಿಡಿ ಹೊಟ್ಟು ತೂರಿ ನೋಡಿ, “ಮೂಡಗಾಳಿ ಬಿಟ್ಟೈತಿ, ಏಳ್ರಿ,” ಎನ್ನುತ್ತಿದ್ದ. ಅವ್ವ ಮೊರದಲ್ಲಿ ಜೋಳ ತುಂಬಿ ಕೊಡುವಳು. ಅಪ್ಪ ಎತ್ತರದಲ್ಲಿ ನಿಂತು ತೂರುವನು. ಮಕ್ಕಳ ಕಣ್ಣುರೆಪ್ಪೆಯ ಮೇಲೆಲ್ಲ ಹೊಟ್ಟಿನ ಪುಡಿ ಕೂರುತ್ತಿತ್ತು. ಆ ಗಾಳಿಗೇ ಮುಖ ಮಾಡಿ ಮಲಕಾರಿ ಮೋಟಾರಿಗೆ ಬೋಲ್ಟು ಬಿಗಿದ. ಬೇರೆ ದಿಕ್ಕು ಅವನಿಗೆ ಹೊಳೆಯಲೇ ಇಲ್ಲ.

ಆಷಾಢದ ಗಾಳಿ ಬಂದದ್ದು ಪಡುವಣದಿಂದ. ಬೆನ್ನಿಗೆ ಹೊಡೆತ ತಿಂದ ರೆಕ್ಕೆಗಳು ಒಲ್ಲದ ಮನಸ್ಸಿನಿಂದ ಹಿಂದಕ್ಕೆ ಅರ್ಧ ಸುತ್ತು ಹೊರಳಿ ನಿಂತವು. ದಿನಗಳು ಕಳೆದವು, ಗುಜರಿಯವನ ಗಾಡಿ ಓಣಿಯಲ್ಲಿ ಕೂಗಿ ಹೋಯಿತು.

“ಜ್ವಾಳಾ ತೂರಾಕ ನಿಂತೀರೇನ್ರಿ?” ಎಂದಳು ತಾರವ್ವ, ಕಣದ ಅಂಚಿನಲ್ಲಿ ನಿಂತು. “ಮಾವಾರು ತೂರತಿದ್ದದ್ದು ಮಾಘದಾಗ. ಇದು ಆಷಾಢ.”

ಮಲಕಾರಿ ಏಣಿ ಹತ್ತಿ ಬೋಲ್ಟು ಬಿಚ್ಚಲು ಪಾನಾ ಹಾಕಿದ. ಕೈ ಮುಂದೆ ಸಾಗಲಿಲ್ಲ. ಅಪ್ಪ ನಿಂತ ದಿಕ್ಕನ್ನು ತಾನು ಕಿತ್ತು ಹಾಕುತ್ತಿರುವಂತೆ ಅನಿಸಿತು.

“ಅವರೂ ಗಾಳಿ ನೋಡೇ ನಿಲ್ಲತಿದ್ರು,” ಎಂದಳು ತಾರವ್ವ, ದನಿ ತಗ್ಗಿಸಿ. “ಗಾಳಿ ತಿರುಗಿದ್ರ ಅವರೂ ತಿರುಗತಿದ್ರು.”

ಅವನು ಬೋಲ್ಟು ಬಿಚ್ಚಿದ. ಮೋಟಾರು ಗಾಳಿ ಬಂದತ್ತ ತಾನೇ ಹೊರಳುವಂತೆ ಕೆಳಗೆ ಬೇರಿಂಗು ಕೂಡಿಸಿ, ಹಿಂದೆ ತಗಡಿನ ಬಾಲ ಕಟ್ಟಿದ. ಸಂಜೆ ರೆಕ್ಕೆಗಳು ಪಡುವಣಕ್ಕೆ ಹೊರಳಿ, ಮೊದಲು ಮೆಲ್ಲಗೆ, ಆಮೇಲೆ ಒಂದೊಂದೂ ಕಾಣದಷ್ಟು ಜೋರಾಗಿ ತಿರುಗಿದವು. ಕಣದಿಂದ ತಂತಿ ಎಳೆದಿದ್ದ ಕೊಟ್ಟಿಗೆಯ ಬಲ್ಬು ಹತ್ತಿತು. ಗಾಳಿ ಸೋತಾಗ ಮಂಕಾಯಿತು, ಬೀಸಿದಾಗ ಬೆಳಗಿತು. ತಾರವ್ವ ಚರಿಗೆ ತಂದು ಆ ಬೆಳಕಿನಲ್ಲೇ ಹಾಲು ಕರೆಯಲು ಕುಳಿತಳು. ಗುಜರಿಯವನ ಮಾತು ಅವಳು ಮತ್ತೆ ಎತ್ತಲಿಲ್ಲ.